ತವರಿನ ತೀರ ಎಷ್ಟು ದೂರ?



ವಿಜಯನಗರ, ಕೆಂಗೇರಿಯಲ್ಲಿ ಕುಳಿತವರಿಗೆ ಕಡಲ್ಕೊರೆತವೆಂದರೆ ಮಳೆಗಾಲದ ಒಂದು ಸುದ್ದಿ. ಆದರೆ ನಿಮ್ಮಲ್ಲಿ ಕೆಲವರ ತವರು ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಇರಬಹುದು. ಅಲ್ಲಿನ ಹಳೆ ಮನೆಯನ್ನು ರಿಪೇರಿ ಮಾಡಿಸುವುದೋ, ಅದೇ ಹಣದಲ್ಲಿ ತೀರದಿಂದ ದೂರ ಐದು ಸೆಂಟ್ಸ್ ಜಾಗ ಕೊಳ್ಳುವುದೋ ಎಂಬ ಮಾತು ಬಂದಾಗ ನೀವು ಅಡುಗೆಮನೆಯಲ್ಲೇ ಉಳಿಯಬೇಡಿ.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಶೇ. 33.6ರಷ್ಟು ತೀರ ಕೊರೆತಕ್ಕೆ ಸಿಕ್ಕಿದೆ ಎಂದಿತು. ಈ ಹೋಲಿಕೆಯ ಕೆಲಸವನ್ನು ಈಗ ಕಂಪ್ಯೂಟರಿಗೂ ಕಲಿಸಿದ್ದಾರೆ. ಆಸ್ಟ್ರೇಲಿಯದ ಸಂಶೋಧಕರ ‘ಕೋಸ್ಟ್‌ಸ್ಯಾಟ್’ (2019) ಚಿತ್ರದ ಒಂದೊಂದು ಚುಕ್ಕಿಯನ್ನೂ ನೋಡಿ ಇದು ಮರಳು, ಇದು ನೀರು, ಇದು ನೊರೆ ಎಂದು ಬೇರೆ ಮಾಡುತ್ತದೆ. ನಾವು ಮೊರದಲ್ಲಿ ಅಕ್ಕಿಯಿಂದ ಕಲ್ಲು ಆರಿಸುವುದಿಲ್ಲವೇ, ಹಾಗೆ! ಮೂವತ್ತು ವರ್ಷದ ಚಿತ್ರಗಳಿಂದ ತೀರ ಸರಿದ ಲೆಕ್ಕ ಸಿಕ್ಕಿದರೆ, ಮುಂದೆ ಎಲ್ಲಿಗೆ ಸರಿದೀತೆಂದು ಊಹಿಸಬಹುದು. ಒಂದೇ ವರ್ಷದ ಚಿತ್ರ ಸಾಲದು. ಮಳೆಗಾಲದಲ್ಲಿ ಕೊಚ್ಚಿಹೋದ ಮರಳು ಬೇಸಿಗೆಗೆ ಹಿಂದಿರುಗುವುದುಂಟು.

ಆದರೆ ಯಂತ್ರ ಕಲಿಯುವುದು ಆಗಿಹೋದದ್ದರಿಂದ. ಉಳ್ಳಾಲದ ಬಳಿ ನೇತ್ರಾವತಿ-ಗುರುಪುರ ಅಳಿವೆಗೆ ಬ್ರೇಕ್‌ವಾಟರ್ ಬಂತು, ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲೊಳಗೆ ಕೃತಕ ದಿಬ್ಬಗಳು ಬಂದವು. ಇಂಥದ್ದು ಒಂದು ಎದ್ದರೆ ಮರಳು ಸಾಗುವ ದಾರಿಯೇ ಬದಲಾಗುತ್ತದೆ, ಹಳೆಯ ಪಾಠ ಅರ್ಧ ಕೆಲಸಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ, ಹತ್ತು ವರ್ಷದಾಚೆಯ ಮಾತನ್ನು ಕಂಪ್ಯೂಟರ್ ಖಡಾಖಂಡಿತವಾಗಿ ಹೇಳಿದರೆ ನಂಬಲಾರೆ.

ಮಕ್ಕಳಿಗೆ ಹೇಳಿ ಗೂಗಲ್ ಅರ್ಥ್‌ನಲ್ಲಿ ನಿಮ್ಮ ಊರಿನ ಹಳೆಯ ವರ್ಷಗಳ ಚಿತ್ರ ತೆರೆಸಿ. ಮನೆಯಿಂದ ನೀರಿಗೆ ಆಗ ಎಷ್ಟು ದೂರ, ಈಗ ಎಷ್ಟು ಎಂದು ಅಳೆದು ಬರೆದಿಡಿ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು.