ಹಸಿರು ಕಾರ್ಡಿನ ಎರಡು ವರ್ಷ

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದಷ್ಟೇ ಬರೆದ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಡುವುದಿಲ್ಲ. ಯಾವ ಒತ್ತಡದಲ್ಲಿ ಎಂಬುದನ್ನೂ ಬರೆಯಬೇಕು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿರುವ ನಮ್ಮ ಬೆಳಗಾವಿಯಲ್ಲಿ ಅದು 97-98 ಡಿಗ್ರಿಗೇ ಕುದಿಯುತ್ತದೆ. ಷರತ್ತು ಬಿಟ್ಟರೆ ಉತ್ತರ ಅರ್ಧವೇ.

ಮೊನ್ನೆ ಖಾನಾಪುರದಿಂದ ಹಳೆಯ ವಿದ್ಯಾರ್ಥಿಯೊಬ್ಬ ಕುಂದಾದ ಡಬ್ಬಿ ಹಿಡಿದು ಮನೆಗೆ ಬಂದಾಗ ಈ ಮಾತು ನೆನಪಾಯಿತು. "ಮಗಳು ಅಮೆರಿಕ ಮುಟ್ಟಿದ್ಲರೀ ಸರ್. ಗ್ರೀನ್ ಕಾರ್ಡೂ ಬಂತು. ಇನ್ನ ಚಿಂತಿ ಇಲ್ಲ" ಎಂದ. ಅಳಿಯ ಅಲ್ಲಿಯ ಪೌರ. ಮೊಬೈಲಿನಲ್ಲಿ ಕಾರ್ಡಿನ ಚಿತ್ರ ತೋರಿಸಿದ. ಅದರ ಮೇಲೆ 'ಸಿಆರ್1' ಎಂದಿತ್ತು. "ಮುಗಿಯೋ ತಾರೀಖು ನೋಡೀಯೇನೋ?" ಎಂದೆ. ನೋಡಿರಲಿಲ್ಲ. ಅಳಿಯನ ಸಂಬಳ, ಮನೆತನ, ಜಾತಕ ಎಲ್ಲವನ್ನೂ ನೋಡಿದ್ದ!

ಪಾಲಕರೇ, ಗ್ರೀನ್ ಕಾರ್ಡಿನಲ್ಲಿ ಎರಡು ಬಗೆ. ಹುಡುಗಿ ಅಮೆರಿಕದಲ್ಲಿ ಕಾಯಂ ನಿವಾಸಿಯಾಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಕಾರ್ಡು. ತುಂಬಿರದಿದ್ದರೆ ಎರಡೇ ವರ್ಷದ, ಷರತ್ತಿನ ಕಾರ್ಡು. ಕಾಗದದ ಮೇಲಷ್ಟೇ ಆಗುವ ಸುಳ್ಳು ಮದುವೆಗಳನ್ನು ತಡೆಯಲೆಂದು 1986ರಲ್ಲಿ ಬಂದ ಕಾನೂನು ಇದು. ಆ ಎರಡು ವರ್ಷ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ-ಹೆಂಡತಿ ಇಬ್ಬರೂ ಸಹಿ ಮಾಡಿ ಐ-751 ಎಂಬ ಅರ್ಜಿ ಹಾಕಬೇಕು. ಹಾಕದಿದ್ದರೆ ವಾಸದ ಹಕ್ಕೇ ಹೋಗುತ್ತದೆ.

ಇಬ್ಬರೂ ಸಹಿ ಮಾಡಬೇಕು ಎಂಬುದನ್ನು ಗಮನಿಸಿ. ಗಂಡ ಒಳ್ಳೆಯವನಾದರೆ ಅದು ಐದು ನಿಮಿಷದ ಕೆಲಸ. ಕೆಟ್ಟವನಾದರೆ ಅದೇ ಸಹಿ ಅವನ ಕೈಯಲ್ಲಿ ಬೆತ್ತವಾಗುತ್ತದೆ. "ಸಹಿ ಮಾಡಂಗಿಲ್ಲ, ಊರಿಗೆ ಕಳಸ್ತೀನಿ" ಎಂದರೆ, ಪರದೇಶದಲ್ಲಿ ಒಬ್ಬಳೇ ಇರುವ ಹುಡುಗಿ ಏಟು ತಿಂದೂ ಸುಮ್ಮನಿದ್ದುಬಿಡುತ್ತಾಳೆ. ಇದನ್ನು ಅಲ್ಲಿಯವರೂ ಕಂಡರು. ಹಿಂಸೆಗೆ ಒಳಗಾದವರಿಗೆಂದೇ 1990ರಲ್ಲಿ ತಿದ್ದುಪಡಿ ಮಾಡಿದರು. ಮದುವೆ ನಿಜವಾದದ್ದು, ಗಂಡ ಹಿಂಸೆ ಕೊಟ್ಟ ಎಂದು ತೋರಿಸಿದರೆ ಅವನ ಸಹಿ ಬೇಕಿಲ್ಲ. 90 ದಿನದ ಲೆಕ್ಕವೂ ಇಲ್ಲ. ನಿಜವಾದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೂ ಒಬ್ಬಳೇ ಅರ್ಜಿ ಹಾಕಬಹುದು. ಇಂಥ ದಾರಿ ಇದೆ ಎಂದು ಹೆದರಿಸುವ ಗಂಡ ಹೇಳುವುದಿಲ್ಲ. ತವರಿಗೆ ಗೊತ್ತಿರಬೇಕು.

ತೋರಿಸುವುದು ಹೇಗೆ? ಇಬ್ಬರ ಹೆಸರಿನ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ತೆರಿಗೆ ಕಾಗದ, ಫೋಟೋ, ಪತ್ರಗಳಿಂದ. ಇವುಗಳ ಪ್ರತಿ ತವರಿನ ಕಪಾಟಿನಲ್ಲೂ ಇರಲಿ. ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ ಮಾತ್ರ ಹುಡುಗಿಯ ಕೈಯಲ್ಲೇ ಇರಬೇಕು. ಅತ್ತೆಯ ಬೀರುವಿನಲ್ಲಿ ಅಲ್ಲ.

ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ಹೆಚ್ಚಾಗಿ ಹೋಗುವುದು ಎಚ್-1ಬಿ ವೀಸಾದ ಮೇಲೆ. ಅವರ ಹೆಂಡಂದಿರದು ಎಚ್-4. ಅದು ಗ್ರೀನ್ ಕಾರ್ಡೇ ಅಲ್ಲ. ಪೂರ್ತಿ ಗಂಡನ ವೀಸಾಕ್ಕೆ ಕಟ್ಟಿದ್ದು. ವಿಚ್ಛೇದನವಾದರೆ ಅದೂ ಹೋಯಿತು. 2015ರ ಮೇ ತಿಂಗಳವರೆಗೆ ಅವರಿಗೆ ಕೆಲಸ ಮಾಡುವ ಪರವಾನಿಗೆಯೇ ಇರಲಿಲ್ಲ. ಆಮೇಲೆ ಸಿಕ್ಕಿದ್ದೂ ಎಲ್ಲರಿಗಲ್ಲ, ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತ ದಾಟಿದವರಿಗೆ. ಇಲ್ಲಿ ಚಿನ್ನದ ಪದಕ ಪಡೆದವಳು ಅಲ್ಲಿ ಮನೆಯಲ್ಲಿ ಕೂಡಬೇಕಾದೀತು ಎಂಬುದನ್ನು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿಕೊಳ್ಳಿ.

ಬೇರೆ ದೇಶಗಳ ಲೆಕ್ಕ ಬೇರೆ. ಬ್ರಿಟನ್ 2012ರಲ್ಲಿ ಕಾಯುವ ಅವಧಿಯನ್ನು ಎರಡರಿಂದ ಐದು ವರ್ಷಕ್ಕೆ ಏರಿಸಿತು. ಕೆನಡಾ ಅದೇ ವರ್ಷ ಎರಡು ವರ್ಷದ ಷರತ್ತು ಹಾಕಿ, 2017ರಲ್ಲಿ ತೆಗೆದುಹಾಕಿತು. ನಾವೂ ಕಡಿಮೆಯಿಲ್ಲ: ನಮ್ಮವರನ್ನು ಮದುವೆಯಾದ ವಿದೇಶಿಯರಿಗೆ ಒಸಿಐ ಕಾರ್ಡು ಸಿಗಲು ಮದುವೆ ಎರಡು ವರ್ಷ ಉಳಿದಿರಬೇಕು; ಮುರಿದರೆ ಕಾರ್ಡು ರದ್ದಾಗಬಹುದು.

ನನ್ನ ವಿದ್ಯಾರ್ಥಿ ಚಹಾ ಆರುವವರೆಗೂ ಬೆರಳು ಮಡಚಿ 90 ದಿನ ಹಿಂದಕ್ಕೆ ಎಣಿಸುತ್ತ ಕೂತಿದ್ದ. ಲೆಕ್ಕದಲ್ಲಿ ಅವನು ಮೊದಲಿನಿಂದಲೂ ಕಚ್ಚಾ. ಕಡೆಗೆ ನಾನೇ ತಾರೀಖು ಬರೆದುಕೊಟ್ಟೆ. ಚೀಟಿಯನ್ನು ಕಿಸೆಗಿಟ್ಟು, "ಆಯಿತವಾರ ಫೋನ್ ಮಾಡ್ತಾಳ್ರಿ. ಅಳಿಯ ಹೊರಗ ಹೋದಾಗ ಕೇಳ್ತೀನಿ" ಎಂದ.