ಕಾಲ್ಗುಣವಲ್ಲ, ಕಾಯಿಲೆ

2021ರ ಮೇ ತಿಂಗಳು. ನಮ್ಮ ಬೀದಿಯ ಕೊನೆಯ ಮನೆಯ ಸೊಸೆಗೆ ಆಗ ಎಂಟು ತಿಂಗಳು. ಗಂಡನಿಗೆ ಕೊರೊನಾ ಬಂತು. ಹಗಲೂ ರಾತ್ರಿ ಆರೈಕೆ ಮಾಡಿದವಳು ಇವಳೇ. ಅವನು ಚೇತರಿಸಿಕೊಂಡ. ಇವಳಿಗೆ ಜ್ವರ, ಏದುಸಿರು ಶುರುವಾದಾಗ ಮಾತ್ರ ‘ಬಸುರಿಯರಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ನಾಲ್ಕು ದಿನ ತಳ್ಳಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ತಾಯಿ ಉಳಿದಳು. ಮನೆಗೆ ಬಂದವಳನ್ನು ಎದುರುಗೊಂಡ ಮಾತು: ‘ಇವಳ ಕಾಲ್ಗುಣವೇ ಸರಿಯಿಲ್ಲ.’ ತಿಂಗಳೊಳಗೆ, ಆಸ್ಪತ್ರೆಯ ಖರ್ಚನ್ನು ತವರಿನಿಂದ ತಾ ಎಂಬ ಒತ್ತಾಯವೂ ಸೇರಿತು.

ಕಾಲೇಜಿನಲ್ಲಿ ಅಷ್ಟು ವರ್ಷ ಪಾಠ ಹೇಳಿದ ನಾನು ಅಂದು ಅವಳ ತಲೆ ಸವರಿ ಬಂದೆನೇ ಹೊರತು ಆ ಮಾತಿಗೆ ಎದುರಾಡಲಿಲ್ಲ. ಇಂದು ಹೇಳಬೇಕಾಗಿದೆ.

ಗರ್ಭ ಬೆಳೆದಂತೆ ಅದು ಶ್ವಾಸಕೋಶದ ಕೆಳಗಿನ ಜಾಗವನ್ನು ಒತ್ತುತ್ತದೆ. ಇತ್ತ ಎರಡು ಜೀವಕ್ಕೆ ಆಮ್ಲಜನಕ ಬೇಕು. ರಕ್ತ ಹೆಪ್ಪುಗಟ್ಟುವ ಸಂಭವವೂ ಬಸುರಿನಲ್ಲಿ ಹೆಚ್ಚು. ಹೀಗಾಗಿಯೇ ಕೊರೊನಾ ತಗುಲಿದರೆ ಗರ್ಭಿಣಿಗೆ ಕಾಯಿಲೆ ಉಲ್ಬಣಿಸುವ ಅಪಾಯ ಇತರ ಹೆಂಗಸರಿಗಿಂತ ಜಾಸ್ತಿ. ದಿನ ತುಂಬುವ ಮುನ್ನವೇ ಹೆರಿಗೆಯಾಗುವುದೂ ಹೆಚ್ಚು. ಕೆಲವರಲ್ಲಿ ವೈರಾಣು ಮಾಸನ್ನೇ ಕೆಡಿಸಿ, ಮಗುವಿಗೆ ಹೋಗುವ ರಕ್ತ, ಆಮ್ಲಜನಕವನ್ನು ತಡೆಯುತ್ತದೆ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗಿನ 12 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದಾಗ, ಸೋಂಕಿಲ್ಲದ ತಾಯಂದಿರಲ್ಲಿ ಸಾವಿರಕ್ಕೆ ಸುಮಾರು 6, ಸೋಂಕಿದ್ದವರಲ್ಲಿ ಸುಮಾರು 13 ಮಕ್ಕಳು ಸತ್ತು ಹುಟ್ಟಿದ್ದವು. ಡೆಲ್ಟಾ ವೈರಾಣು ಹರಡಿದ್ದಾಗ ಈ ಅಪಾಯ ಇನ್ನಷ್ಟು ಏರಿತ್ತು. ಸೋಂಕು ತಗುಲಿದ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆತ್ತರೆಂಬುದೂ ನಿಜ. ಆದರೆ ಕಳೆದುಕೊಂಡವರು ಕಾಲ್ಗುಣದಿಂದ ಕಳೆದುಕೊಳ್ಳಲಿಲ್ಲ.

ನಮ್ಮ ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು. ಮೊದಲ ಲಸಿಕಾ ಪ್ರಯೋಗಗಳಲ್ಲಿ ಅವರನ್ನು ಸೇರಿಸಿಕೊಳ್ಳದೇ ಇದ್ದದ್ದರಿಂದ ಅವರ ಸರದಿ ತಡವಾಯಿತು. ಅಷ್ಟರಲ್ಲಿ ಎರಡನೆಯ ಅಲೆ ಬಡಿದು ಹೋಗಿತ್ತು. ಅನುಮತಿ ಬಂದ ಮೇಲೂ ಎಷ್ಟು ಮನೆಗಳಲ್ಲಿ ‘ಬೇಡ’ ಎಂದವರು ಗಂಡ, ಅತ್ತೆ, ಮಾವ! ಒಡಲು ಅವಳದು, ತೀರ್ಮಾನ ಮಾತ್ರ ಇತರರದು. ನಷ್ಟವಾದರೆ ಹೊಣೆ ಮತ್ತೆ ಅವಳದೇ. ಇದು ಎಲ್ಲಿಯ ನ್ಯಾಯ?

ಮೊಮ್ಮಗುವನ್ನು ಕಳೆದುಕೊಂಡ ಅತ್ತೆಗೂ ಸಂಕಟವಿತ್ತು, ಒಪ್ಪುತ್ತೇನೆ. ಆದರೆ ಸಂಕಟ ಚುಚ್ಚುಮಾತಾಗಿ, ಚುಚ್ಚುಮಾತು ಹಣದ ಬೇಡಿಕೆಯಾದಾಗ ಅದಕ್ಕೆ ದೌರ್ಜನ್ಯವೆಂದೇ ಹೆಸರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಮಗುವಿಲ್ಲವೆಂದು ಹೀಯಾಳಿಸುವುದನ್ನೂ ವರದಕ್ಷಿಣೆಗಾಗಿ ಪೀಡಿಸುವುದನ್ನೂ ದೌರ್ಜನ್ಯವೆಂದು ಸ್ಪಷ್ಟವಾಗಿ ಹೇಳಿದೆ. ಕೆನ್ನೆಗೆ ಏಟು ಬೀಳುವವರೆಗೆ ಕಾಯಬೇಕಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಾಣು ಹೋಗಿಲ್ಲ, ಕಾಲ್ಗುಣದ ಮಾತೂ ಹೋಗಿಲ್ಲ. ಆದ್ದರಿಂದ ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಇನ್ನೊಂದು ಲೆಕ್ಕವನ್ನೂ ಕೇಳೋಣ: ನಮ್ಮಲ್ಲಿ ಬಸುರಿಯರು ಯಾರು? ತಾಯಿ ಕಾರ್ಡ್ ಆಗಿದೆಯೇ? ಜ್ವರ, ಉಸಿರಾಟದ ತೊಂದರೆ ಇದೆಯೇ? ಮಗುವಿನ ಮಿಸುಕಾಟ ಕಡಿಮೆಯಾಗಿದೆಯೇ? ಇದ್ದರೆ ಮನೆಯವರ ಒಪ್ಪಿಗೆಗೆ ಕಾಯದೆ ಆಶಾ ಕಾರ್ಯಕರ್ತೆಯನ್ನು ಕರೆಯೋಣ, ಇಬ್ಬರು ಜೊತೆಯಾಗಿ ಆಸ್ಪತ್ರೆಗೆ ನಡೆಯೋಣ. ಹಿಂಸೆಯಿದ್ದರೆ 181ಕ್ಕೆ ಫೋನ್ ಮಾಡಲು ನೆರವಾಗೋಣ.

ಮತ್ತೆ ಯಾರಾದರೂ ‘ಕಾಲ್ಗುಣ’ ಎಂದರೆ ನನ್ನಂತೆ ತಲೆತಗ್ಗಿಸಿ ಎದ್ದು ಬರಬೇಡಿ. ‘ಅದು ಕಾಯಿಲೆ, ಅವಳ ತಪ್ಪಲ್ಲ’ ಎಂದು ಅಲ್ಲೇ, ಎಲ್ಲರೆದುರು ಹೇಳಿ.