ಸರಳತೆಯೋ, ಸಂಕೋಲೆಯೋ?

ಅಗ್ಗದ, ಅತಿ ಪುಟ್ಟ ಐಪಾಡ್ ಬರಲಿದೆಯೆಂಬ ವದಂತಿ 2004ರ ಕೊನೆಯಲ್ಲಿ ಅಮೆರಿಕದಲ್ಲಿ ಹಬ್ಬಿದಾಗ ಗ್ರಾಹಕರಲ್ಲಿ ಕೆಲವರು ಹಿಗ್ಗಿದರು, ಕೆಲವರು ಹುಬ್ಬೇರಿಸಿದರು. 2005ರ ಜನವರಿಯಲ್ಲಿ ಆಪಲ್ ಸಂಸ್ಥೆ ಹೊರತಂದ ಐಪಾಡ್ ಶಫಲ್‌ಗೆ ಪರದೆಯೇ ಇರಲಿಲ್ಲ. ತೂಕ ಕೇವಲ 22 ಗ್ರಾಂ, ಬೆಲೆ 99 ಡಾಲರ್‌ನಿಂದ ಆರಂಭ. ಮುಂದಿನ ಹಾಡು ಯಾವುದೆಂದು ತಿಳಿಯದಿರುವ ಕೊರತೆಯನ್ನೇ ಸಂಸ್ಥೆ ಸೊಗಸೆಂದು ಜಾಹೀರು ಮಾಡಿತು. ಜನರೂ ಒಪ್ಪಿ ಕೊಂಡರು. ಆ ಬೆಲೆಗೆ ಅದು ನ್ಯಾಯವೇ ಆಗಿತ್ತೆಂದು ನಾವೂ ಒಪ್ಪುತ್ತೇವೆ.

ಆದರೆ 2009ರಲ್ಲಿ ನಡೆದುದನ್ನು ಸರಳತೆಯೆಂದು ಕರೆಯಲು ನಾವು ಸಿದ್ಧರಿಲ್ಲ. ಆ ವರ್ಷದ ಶಫಲ್‌ನ ಮೈಮೇಲಿಂದ ಹಾಡು ಬದಲಿಸುವ, ಧ್ವನಿ ಏರಿಳಿಸುವ ಗುಂಡಿಗಳೇ ಮಾಯವಾದವು. ಅವು ಇಯರ್‌ಫೋನಿನ ತಂತಿಗೆ ವಲಸೆ ಹೋದವು. ಪರಿಣಾಮವೇನು? ಮನೆಯಲ್ಲಿದ್ದ ಸಾಮಾನ್ಯ ಇಯರ್‌ಫೋನು ಚುಚ್ಚಿದರೆ ಧ್ವನಿಯನ್ನು ತಗ್ಗಿಸಲೂ ದಾರಿಯಿಲ್ಲ! ಅದಕ್ಕೆ ತಕ್ಕ ಇಯರ್‌ಫೋನನ್ನೋ ಅಡಾಪ್ಟರನ್ನೋ ಮತ್ತೆ ಹಣ ತೆತ್ತು ತರಬೇಕು. ಯಂತ್ರ ಹಗುರವಾಯಿತು, ಹೊರೆ ಮಾತ್ರ ಕೊಂಡವನ ಹೆಗಲಿಗೆ ಬಂತು. ಇದು ಮಿತವ್ಯಯವೇ? ಅಲಂಕಾರ ತ್ಯಜಿಸುವುದು ಸರಳತೆ. ಅನ್ಯರ ಕೈಯಲ್ಲಿದ್ದ ಹಿಡಿತವನ್ನು ಕಿತ್ತು ಅದನ್ನೇ ಮಾರುವುದು ವ್ಯಾಪಾರ.

ಗೊಣಗುವ ಗ್ರಾಹಕನನ್ನು ಹೊಸತನದ ವೈರಿಯೆಂದು ಹಂಗಿಸುವವರು ಎಲ್ಲೆಡೆ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೇ: ಆ ಗೊಣಗಾಟ ಎದ್ದ ಮರುವರ್ಷವೇ, 2010ರ ಸೆಪ್ಟೆಂಬರ್‌ನಲ್ಲಿ, ಹೊಸ ಶಫಲ್‌ನ ಮೈಮೇಲೆ ಗುಂಡಿಗಳು ಮರಳಿ ಬಂದವು. 2017ರಲ್ಲಿ ಮಾರಾಟ ನಿಲ್ಲುವವರೆಗೂ ಅವು ಅಲ್ಲಿಯೇ ಇದ್ದವು.